ಗೆಳತಿಯ ಮನೆಯ ನಂಬರು

ನಾನು ಹೊನ್ನಾವರದಲ್ಲಿ ಬಿ.ಕಾಂ. ಎರಡನೇ ವರ್ಷದಲ್ಲಿದ್ದಾಗ ಬಸ್‌ಸ್ಟ್ಯಾಂಡಿನ ಹತ್ತಿರ, ಒಂದು ಮಾಳಿಗೆಯ ಮೇಲೆ ಸೈಬರ್ ಕೆಫೆ ತೆರೆಯಿತು. ಭಟ್ಕಳ ಬಸ್ಸಿಗೆ ಇನ್ನೂ ಒಂದು ತಾಸು ಇರುತ್ತಿದ್ದರಿಂದ ನಾನೂ ನನ್ನ ಗೆಳತಿಯೂ ಅಲ್ಲಿಗೆ ಹೋಗಿ ಕೂರುವುದು ರೂಢಿಯಾಯಿತು. ನಾನು ಶಿರಾಲಿಯಲ್ಲಿ ಇಳಿಯುವವಳು, ಅವಳು ಮುರ್ಡೇಶ್ವರದಲ್ಲಿ. ಅವಳಿಗೆ ತಂದೆ ಇರಲಿಲ್ಲ. ತಾಯಿ ಮೀನು ವ್ಯಾಪಾರ ಮಾಡಿ ಓದಿಸುತ್ತಿದ್ದರು.

ಚಾಟ್‌ನಲ್ಲಿ ನಾವು ಬಾಯಿಗೆ ಬಂದ ಹೆಸರು, ಬಾಯಿಗೆ ಬಂದ ವಯಸ್ಸು ಹೇಳುತ್ತಿದ್ದೆವು. ಅಲ್ಲಿ ಆಡಿದ್ದು ಅಲ್ಲಿಗೇ ಮುಗಿಯುತ್ತದೆ ಎಂದು ನಂಬಿದ್ದೆ. ಪೊಲೀಸು, ಕೋರ್ಟು ಇರುವುದು ಕಳ್ಳತನಕ್ಕೆ, ಜಾಗದ ತಕರಾರಿಗೆ ಎಂದಷ್ಟೇ ನನಗೆ ಗೊತ್ತಿದ್ದದ್ದು.

ಒಂದು ದಿನ ಅವಳು ಕಾಲೇಜಿಗೆ ಬಂದಿರಲಿಲ್ಲ, ನಾನೊಬ್ಬಳೇ ಕೆಫೆಗೆ ಹೋದೆ. ಚಾಟ್‌ನಲ್ಲಿ ಒಬ್ಬ ಅಪರಿಚಿತ ಫೋನ್ ನಂಬರಿಗಾಗಿ ಪೀಡಿಸಿದ. ನಮ್ಮ ಮನೆಯದು ಕೊಟ್ಟರೆ ಅಪ್ಪ ಸುಮ್ಮನೆ ಬಿಡುವುದಿಲ್ಲ. ಅವಳ ಮನೆಯ ನಂಬರ್ ಬಾಯಿಪಾಠವಿತ್ತು, ಅದನ್ನೇ ಟೈಪ್ ಮಾಡಿ ಕಳಿಸಿದೆ. ಅವಳು ಗಾಬರಿಯಾಗುತ್ತಾಳೆ, ಮರುದಿನ ಇಬ್ಬರೂ ಕೂತು ನಗಬಹುದು ಎಂದುಕೊಂಡೆ.

ಫೋನ್ ಎತ್ತಿದ್ದು ಅವಳ ತಾಯಿ. ಅವನು ನಂಬರನ್ನು ಇನ್ನೂ ಎಷ್ಟು ಜನಕ್ಕೆ ಹಂಚಿದ್ದನೋ, ವಾರದೊಳಗೆ ಯಾರ್ಯಾರೋ ಫೋನ್ ಮಾಡತೊಡಗಿದರು. ಎಲ್ಲ ಹೊಲಸು ಮಾತು. "ಯಾರಿಗೆ ಕೊಟ್ಟಿದ್ದೆ, ಹೇಳು" ಎಂದು ತಾಯಿ ಅವಳಿಗೆ ಹೊಡೆದರು. ಕಾಲೇಜು ಬಿಡಿಸುವ ಮಾತೂ ಬಂತು.

"ನೀನಾದ್ರೂ ನನ್ನ ಜೊತೆ ಬಾರೆ" ಎಂದು ಅವಳು ನನ್ನನ್ನು ಕುಮಟೆಗೆ, ಪರಿಚಯದ ವಕೀಲರೊಬ್ಬರ ಬಳಿ ಕರೆದೊಯ್ದಳು.

"ಇದಕ್ಕೆಲ್ಲ ಕಾನೂನು ಇರ್ತದಾ ಸರ್?" ಎಂದು ಕೇಳಿದಳು.

"ಇಲ್ದೆ ಎಂತ ತಂಗಿ? ದೂರು ಕೊಡು. ಫೋನ್ ಎಲ್ಲಿಂದ ಬಂತು ಅಂತ ಪೊಲೀಸರು ತೆಗೆಸ್ತಾರೆ. ಅವ ಸಿಕ್ಕಿದ್ರೆ ನಂಬರ್ ಕೊಟ್ಟವರು ಯಾರು ಅಂತಲೂ ಗೊತ್ತಾಗ್ತದೆ."

ಎಷ್ಟೋ ದಿನಗಳ ಮೇಲೆ ಅವಳ ಮುಖ ಅರಳಿತು. ನನಗೋ, ಅಂಥ ಕಾನೂನು ಇಲ್ಲ ಎಂದು ಅವರು ಹೇಳಿದ್ದರೆ ಒಳ್ಳೆಯದಿತ್ತು ಅನ್ನಿಸಿತು.

ವಾಪಸು ಬರುವಾಗ ಬಸ್ಸಿನಲ್ಲಿ, ನಂಬರ್ ಕೊಟ್ಟವಳು ನಾನೇ ಎಂದು ಹೇಳಿಬಿಟ್ಟೆ. ಅವಳು ಬೈಯಲಿಲ್ಲ. ಎದ್ದು ಹೋಗಿ ಮುಂದಿನ ಸೀಟಿನಲ್ಲಿ ಕೂತಳು.

ಮರುದಿನ ಅವಳ ಮನೆಗೆ ಹೋದೆ. ತಾಯಿ ಅಂಗಳದಲ್ಲಿ ಬುಟ್ಟಿ ತೊಳೆಯುತ್ತಿದ್ದರು. ಮಗಳು ಎಲ್ಲವನ್ನೂ ಹೇಳಿದ್ದಳು.

"ಎಂತಕ್ಕೆ ಮಾಡಿದ್ಯೇ?"

"ತಮಾಷೆಗೆ, ಅಮ್ಮ" ಎನ್ನಲು ನಾಲಿಗೆ ಹೊರಳಲಿಲ್ಲ.

"ತಪ್ಪಿಲ್ದೇ ನನ್ನ ಹುಡುಗಿಗೆ ಹೊಡ್ದೆನಲ್ಲ" ಎಂದು ಅವರು ಸೆರಗಿನಿಂದ ಮುಖ ಒರೆಸಿಕೊಂಡರು. ತೊಳೆದ ಬುಟ್ಟಿಯನ್ನು ಕವುಚಿಟ್ಟು, "ದೂರು ಕೊಟ್ರೆ ನಿನ್ನ ಹೆಸರೂ ಬರ್ತದೆ. ನೀನೂ ಹೆಣ್ಣು ಹುಡುಗಿ. ಬೇಡ. ಆತು, ಮನೆಗೆ ಹೋಗು" ಎಂದರು.

ದೂರು ಕೊಡಲಿಲ್ಲ. ಮೀನಿನ ದೋಣಿ ಬಂದ ಸುದ್ದಿ ತಿಳಿಯಲೆಂದು ಹಾಕಿಸಿದ್ದ ಆ ಫೋನನ್ನೇ ತಾಯಿ ತೆಗೆಸಿದರು. ಫೋನ್ ಮಾಡಿದವರಿಗೆ ಏನೂ ಆಗಲಿಲ್ಲ, ನನಗೂ ಆಗಲಿಲ್ಲ.

ಗೆಳತಿ ಓದು ಮುಗಿಸಿದಳು. ಮುಂದಿನ ಒಂದೂವರೆ ವರ್ಷ ಅದೇ ಬಸ್ಸಿನಲ್ಲಿ ಹೋಗಿಬಂದೆವು. ಅವಳು ನನ್ನೊಡನೆ ಮಾತಾಡಲಿಲ್ಲ. ಮಾತಾಡಿಸುವ ಧೈರ್ಯ ನನಗೂ ಬರಲಿಲ್ಲ.