ಸರ್ಕ್ಯುಲರಿಗೆ ಹಚ್ಚಿದ ಕುಂಕುಮ

ಝೆರಾಕ್ಸ್ ಅಂಗಡಿಯ ಮೆಷಿನ್ನಿನಿಂದ ಆಗಷ್ಟೇ ಹೊರಬಿದ್ದ ಹಾಳೆಗೆ ಒಂದು ಬಿಸುಪಿರುತ್ತದೆ, ಆ ಬಿಸುಪಿಗೆ ಒಂದು ವಾಸನೆ. ಮೊನ್ನೆ ಸಂಜೆ ನನ್ನ ಮೊಮ್ಮಗಳು ಮೈತ್ರಿ ಅಂಥದೊಂದು ಹಾಳೆಯನ್ನು ತಂದು ನನ್ನ ಮಡಿಲಿಗೆ ಹಾಕಿ ಕೈಕಾಲು ತೊಳೆಯಲು ಹೋದಳು. ಸಾಗರದ ಅವಳ ಹೈಸ್ಕೂಲಿನವರು ಈಗ ಎಲ್ಲವನ್ನೂ ಫೋನಿಗೇ ಕಳಿಸುತ್ತಾರೆ. ಹೊಸ ಫೀಸು, ಬಸ್ಸಿನ ರೂಟು, ಮೊಬೈಲ್ ತರಬಾರದೆಂಬ ರೂಲು, ಶನಿವಾರದ ಕಂಪ್ಯೂಟರ್ ಪ್ರೋಗ್ರಾಮು, ಎಲ್ಲವೂ ನನ್ನ ಮಗಳ ಫೋನಿನಲ್ಲಿ ಟಿಂಗ್ ಎಂದು ಬಂದು ಬೀಳುತ್ತವೆ. ಈ ಸಲ ಮಾತ್ರ ಕೊನೆಯಲ್ಲಿ ಪಾಲಕರ ಸೈನ್ ಬೇಕಾಗಿದ್ದರಿಂದ ಪ್ರಿಂಟ್ ತೆಗೆಸಿದ್ದರು. ನಾನು ಕನ್ನಡಕ ಹುಡುಕುವ ಮೊದಲೇ ಹಾಳೆಯನ್ನು ಮೂಗಿನ ಹತ್ತಿರ ಹಿಡಿದಿದ್ದೆ. ಮುಖ ಒರೆಸಿಕೊಳ್ಳುತ್ತ ಬಂದ ಮೈತ್ರಿ ನೋಡಿಯೇಬಿಟ್ಟಳು. "ಅಮ್ಮಮ್ಮ, ಸ್ಕೂಲ್ ಸರ್ಕ್ಯುಲರ್‌ನ ಯಾರಾದ್ರೂ ಮೂಸ್ತಾರಾ? ಹಲಸಿನ ಹಣ್ಣಾ ಅದು?" ನಕ್ಕೆ. ಅವಳಿಗೆ ಏನೆಂದು ಹೇಳಲಿ? ನಾನು ಹುಡುಕುತ್ತಿದ್ದ ವಾಸನೆ ಆ ಹಾಳೆಯಲ್ಲಿರಲಿಲ್ಲ. ಅದು ನಮ್ಮ ಕಾಲದ ಸರ್ಕ್ಯುಲರುಗಳನ್ನು ಅಚ್ಚು ಹೊಡೆಯುತ್ತಿದ್ದ ಸೈಕ್ಲೋಸ್ಟೈಲ್ ಮಸಿಯ ವಾಸನೆ. ಸ್ವಲ್ಪ ಸೀಮೆಎಣ್ಣೆಯಂತೆ, ಸ್ವಲ್ಪ ಸಿಹಿಯಾಗಿ, ಬೆರಳಿಗೆ ಅಂಟಿದರೆ ರಾತ್ರಿಯವರೆಗೂ ಹೋಗದಂಥದ್ದು. ನಿಮ್ಮಲ್ಲಿ ನನ್ನ ವಯಸ್ಸಿನವರಿದ್ದರೆ ಆ ವಾಸನೆ ನಿಮಗೂ ಗೊತ್ತಿರುತ್ತದೆ.

ತೀರ್ಥಹಳ್ಳಿಯ ಪೇಟೆಯಲ್ಲಿ ನಮ್ಮದು ಜವಳಿ ಅಂಗಡಿ. ಮುಂದೆ ಅಂಗಡಿ, ಹಿಂದೆ ಮನೆ, ನಡುವೆ ಒಂದು ಹೊಸ್ತಿಲು. ಆ ಹೊಸ್ತಿಲಿನವರೆಗೆ ಹೊಸ ಬಟ್ಟೆಯ ಗಂಜಿಯ ವಾಸನೆ, ಅದು ದಾಟಿದರೆ ತುಪ್ಪದ ಒಗ್ಗರಣೆಯ ವಾಸನೆ. ನಾವು ಜೈನರು. ಹೊತ್ತು ಮುಳುಗಿದ ಮೇಲೆ ಮನೆಯಲ್ಲಿ ಯಾರೂ ಬಾಯಿಗೆ ಏನನ್ನೂ ಹಾಕುತ್ತಿರಲಿಲ್ಲ. ಮೂಡುಗಡೆಯ ಗೋಡೆಯ ಮೇಲಿನ ಬಿಸಿಲು ಕಿಟಕಿಯ ಚೌಕಟ್ಟಿನಿಂದ ಮೇಲೇರತೊಡಗಿತೆಂದರೆ ತಟ್ಟೆ ಹಾಕುವ ಸದ್ದು ಶುರುವಾಗುತ್ತಿತ್ತು. ಅಪ್ಪ ಗಿರಾಕಿಯ ಎದುರಿಗೇ ಸೀರೆಯನ್ನು ಅರ್ಧ ಮಡಚಿಟ್ಟು ಒಳಗೆ ಬರುತ್ತಿದ್ದರು. ಮನೆಯ ಯಜಮಾನಿಕೆ ಅಪ್ಪನದಲ್ಲ, ಅವರ ತಾಯಿಯದು, ನಮ್ಮ ಅಜ್ಜಿಯದು. ಅಜ್ಜಿ ಎಲ್ಲರ ಊಟವಾದ ಮೇಲೆ, ಅದರಲ್ಲೂ ನಾವಿಬ್ಬರು ಹೆಣ್ಣುಮಕ್ಕಳು ಉಂಡೆದ್ದ ಮೇಲೆ, ಉಳಿದ ಬೆಳಕಿನಲ್ಲಿ ಗಬಗಬ ಉಣ್ಣುತ್ತಿದ್ದರು. ನಾವಿಬ್ಬರು ಅಂದರೆ ನಾನು ಮತ್ತು ನನಗಿಂತ ಮೂರು ವರ್ಷ ದೊಡ್ಡವಳಾದ ಅಕ್ಕ, ವಿಮಲ.

ನಾವು ಓದುತ್ತಿದ್ದದ್ದು ದಿಬ್ಬದ ಮೇಲಿದ್ದ ಕಾನ್ವೆಂಟಿನಲ್ಲಿ. ಅದು ಈಗಿಲ್ಲ, ಮುಚ್ಚಿಹೋಗಿ ಎಷ್ಟೋ ಕಾಲವಾಯಿತು. ಅಲ್ಲಿಂದ ಸರ್ಕ್ಯುಲರ್ ಬಂತೆಂದರೆ ನಮ್ಮ ಮನೆಯಲ್ಲಿ ಅದು ಸುಮ್ಮನೆ ಕಾಗದವಲ್ಲ. ಅಜ್ಜಿ ಅದನ್ನು ಎರಡು ಕೈಯಲ್ಲಿ ಇಸಿದುಕೊಂಡು, ನಾಲ್ಕು ಮೂಲೆಗೂ ಅರಿಶಿನ ಕುಂಕುಮ ಹಚ್ಚಿ, ದೇವರ ಮುಂದಿಟ್ಟು, ಆಮೇಲೆ ಓದಲು ಕೊಡುತ್ತಿದ್ದರು. ಅಜ್ಜಿಯ ಲೆಕ್ಕದಲ್ಲಿ, ಎಲ್ಲಿಂದಲಾದರೂ ಅಚ್ಚು ಹೊಡೆದ ಕಾಗದ ಮನೆಗೆ ಬಂತೆಂದರೆ ಅದು ಕರೆಯೋಲೆ. ಮದುವೆಯದಿರಲಿ, ಬಸದಿಯ ಪೂಜೆಯದಿರಲಿ, ಕರೆದ ಮೇಲೆ ಮನೆಗೊಬ್ಬರಾದರೂ ಹೋಗಿ ಬರಬೇಕು, ಬರಿಗೈಲಿ ಹೋಗಬಾರದು. ಓದುವ ಕೆಲಸ ಅಕ್ಕನದು. ಎಲೊಕ್ಯೂಷನ್ ಕ್ಲಾಸಿನಲ್ಲಿ ಕಲಿಸಿದ ಹಾಗೆ ಬೆನ್ನು ನೆಟ್ಟಗೆ ಮಾಡಿ ಆ ಹೊಸ್ತಿಲಿನ ಮೇಲೆ ನಿಂತು, ಒಂದು ವಾಕ್ಯ ಇಂಗ್ಲಿಷಿನಲ್ಲಿ ಓದಿ, ಅದನ್ನೇ ಕನ್ನಡದಲ್ಲಿ ಹೇಳುತ್ತಿದ್ದಳು. 'ಪೇರೆಂಟ್ಸ್ ಆರ್ ಹಿಯರ್‌ಬೈ ಇನ್‌ಫಾರ್ಮ್ಡ್' ಎಂಬಲ್ಲಿ ಆ 'ಹಿಯರ್‌ಬೈ'ಯನ್ನು ಎಷ್ಟು ಚಂದ ಮಾಡಿ ಹೇಳುತ್ತಿದ್ದಳೆಂದರೆ ಅಂಗಡಿಯಲ್ಲಿದ್ದ ಗಿರಾಕಿಗಳೂ ಒಳಗೆ ಇಣುಕುತ್ತಿದ್ದರು. ಎದುರು ಮನೆಯ ಗೌಡರ ಹೆಂಡತಿ ಶಾರದಕ್ಕನ ಮಗಳೂ ಅದೇ ಸ್ಕೂಲು. ತಮಗೂ ಅದೇ ಸರ್ಕ್ಯುಲರ್ ಬಂದಿದ್ದರೂ ಶಾರದಕ್ಕ ಕೇಳಲು ನಮ್ಮ ಮನೆಗೇ ಬರುತ್ತಿದ್ದರು.

ಒಮ್ಮೆ ರಿಬ್ಬನ್ನಿನ ಸರ್ಕ್ಯುಲರ್ ಬಂತು. ಇನ್ನು ಮೇಲೆ ಕಪ್ಪು ರಿಬ್ಬನ್ ಕಟ್ಟಬಾರದು, ನೇವಿ ಬ್ಲೂ ಮಾತ್ರ.

"ರಿಬ್ಬನ್ ಬಣ್ಣ ಬದ್ಲಾಯ್ಸಕ್ಕೂ ಮನೆಗೆ ಕರೆ ಕಳಿಸ್ತಾರೆ ನೋಡು. ಎಂಥಾ ಮರ್ಯಾದಸ್ಥರು!" ಎಂದರು ಅಜ್ಜಿ.

"ಅಜ್ಜೀ, ಅದು ಕರೆಯೋದಲ್ಲ, ತಿಳ್ಸೋದು," ಎಂದರು ಶಾರದಕ್ಕ.

"ತಿಳ್ಸೋದಂದ್ರೆ ಎಂತ? ಮನೆವರೆಗೂ ಕಾಗದ ಕಳ್ಸಿದ್ಮೇಲೆ ಹೋಗ್ದೇ ಇರಕ್ಕಾಗ್ತದಾ? ನಿಮ್ಮನೇಲಿ ಹಾಂಗೆ ನಡೀತದೇನೋ."

"ಹೋಗ್ಬನ್ನಿ ಅಜ್ಜೀ, ಹೋಗ್ಬನ್ನಿ. ರಿಬ್ಬನ್ನಿಗೆ ಅಕ್ಷತೆ ಹಾಕಿ ಬನ್ನಿ!"

ಅಜ್ಜಿ ಹೋದರು. ಯಾವಾಗಲೂ ಹೋಗುತ್ತಿದ್ದರು. ಫೀಸು ಹೆಚ್ಚಾಯಿತೆಂಬ ಸರ್ಕ್ಯುಲರಿಗೆ ಒಂದು ಚಿಪ್ಪು ಬಾಳೆಹಣ್ಣು, ಪ್ರಾಗ್ರೆಸ್ ರಿಪೋರ್ಟ್ ಕೊಡುವ ಕ್ರಮ ಬದಲಾಯಿತೆಂಬುದಕ್ಕೆ ಎರಡು ತೆಂಗಿನಕಾಯಿ. ನಮ್ಮ ಹೆಡ್‌ಮಿಸ್ಟ್ರೆಸ್ಸಾಗಿದ್ದ ಹಳೆಯ ಮದರ್ ಮಂಗಳೂರಿನ ಕಡೆಯವರು. ಮೊದಲ ಸಲ ಅವರಿಗೆ ಗಾಬರಿಯಾಗಿತ್ತಂತೆ. ಆಮೇಲೆ ಸರ್ಕ್ಯುಲರ್ ಹಂಚಿದ ಮರುದಿನ ಆಫೀಸಿನಲ್ಲಿ ಒಂದು ಕುರ್ಚಿ ಖಾಲಿ ಇಡಿಸುತ್ತಿದ್ದರು. "ಅಮ್ಮ ಬಂದ್ರಾ? ಕೂತ್ಕೊಳ್ಳಿ," ಎನ್ನುತ್ತಿದ್ದರು. ಅಜ್ಜಿ ಅಲ್ಲಿ ನೀರೂ ಕುಡಿಯುತ್ತಿರಲಿಲ್ಲ. ಇಬ್ಬರೂ ಸುಮ್ಮನೆ ಸ್ವಲ್ಪ ಹೊತ್ತು ಕೂತಿರುತ್ತಿದ್ದರು. "ಎಲ್ಲ ಸಾಂಗವಾಗಿ ನಡೀಲಿ," ಎಂದು ಹೇಳಿ ಅಜ್ಜಿ ಏಳುತ್ತಿದ್ದರು. ನಾನು ಕ್ಲಾಸಿನ ಕಿಟಕಿಯಿಂದ ನೋಡಿ ಡೆಸ್ಕಿನೊಳಗೆ ತಲೆ ಹುದುಗಿಸುತ್ತಿದ್ದೆ. ಅಕ್ಕ ಹಾಗಲ್ಲ. ಟೀಚರಿನ ಪರ್ಮಿಷನ್ ಕೇಳಿ ಹೊರಗೆ ಬಂದು ಅಜ್ಜಿಯನ್ನು ಗೇಟಿನವರೆಗೂ ಕಳಿಸಿಕೊಟ್ಟು ಹೋಗುತ್ತಿದ್ದಳು.

ಅಕ್ಕ ಎಸ್ಸೆಸ್ಸೆಲ್ಸಿಗೆ ಬಂದ ವರ್ಷ ಸ್ಪೆಷಲ್ ಕ್ಲಾಸಿನ ಸರ್ಕ್ಯುಲರ್ ಬಂತು. ದಿನಾ ಸಂಜೆ ದೀಪ ಹಚ್ಚುವ ಹೊತ್ತಿನವರೆಗೆ ಕ್ಲಾಸು, ಅಟೆಂಡೆನ್ಸ್ ಕಾಂಪಲ್ಸರಿ. ನಮ್ಮ ಮನೆಯ ಮಟ್ಟಿಗೆ ಅದು ಅಕ್ಕ ಪರೀಕ್ಷೆ ಮುಗಿಯುವವರೆಗೆ ರಾತ್ರಿಯೆಲ್ಲ ಹಸಿದಿರಬೇಕೆಂಬ ಮಾತು. ನಮ್ಮ ಮನೆತನದಲ್ಲಿ ಎಸ್ಸೆಸ್ಸೆಲ್ಸಿಗೆ ಕೂತ ಹೆಣ್ಣುಮಗಳು ಅದುವರೆಗೆ ಒಬ್ಬಳೂ ಇರಲಿಲ್ಲ. ಅಕ್ಕನಿಗೋ ಅದು ಪಾಸಾಗಿ ಟೀಚರ್ಸ್ ಟ್ರೈನಿಂಗಿಗೆ ಹೋಗಬೇಕು, ಅದೇ ಕಾನ್ವೆಂಟಿನಲ್ಲಿ ಇಂಗ್ಲಿಷ್ ಕಲಿಸಬೇಕು ಎಂಬುದೊಂದೇ ಹಠ. ಅಜ್ಜಿ ಎಂದಿನಂತೆ ಕುಂಕುಮ ಹಚ್ಚಿದರು, ಒಂದು ಸೌತೆಕಾಯಿ ತೆಗೆದುಕೊಂಡು ದಿಬ್ಬ ಹತ್ತಿದರು, ಬಂದು ಹೇಳಿದರು. "ಮದರ್ ಒಪ್ಪಿದಾರೆ. ಹೊತ್ತು ಮುಳುಗೋಕೆ ಮುಂಚೆ ನಾನೇ ಊಟ ತಗೊಂಡು ಬರ್ತೀನಿ ಅಂದೆ. ಬನ್ನಿ ಅಮ್ಮ ಅಂದ್ರು."

ಆ ಸಂಜೆಗಳಷ್ಟು ಚಂದದ ಸಂಜೆಗಳನ್ನು ನಾನು ಮತ್ತೆ ಕಾಣಲಿಲ್ಲ. ಅಜ್ಜಿಯ ಕೈಯಲ್ಲಿ ಹಿತ್ತಾಳೆಯ ಕ್ಯಾರಿಯರ್, ನನ್ನ ಕೈಯಲ್ಲಿ ನೀರಿನ ಚೊಂಬು. ದಿಬ್ಬ ಹತ್ತಿ ತಿರುಗಿ ನೋಡಿದರೆ ಕೆಳಗೆ ತುಂಗೆ ತಾಮ್ರದ ಬಣ್ಣ. ಅಕ್ಕ ಓಡಿ ಬಂದು ಸಂಪಿಗೆ ಮರದ ಕಟ್ಟೆಯ ಮೇಲೆ ಕೂರುತ್ತಿದ್ದಳು. ಅಕ್ಕಿ ರೊಟ್ಟಿ, ಬಾಳೆಕಾಯಿ ಪಲ್ಯ, ಹೆಸರುಕಾಳಿನ ಸಾರು, ಮೊಸರನ್ನ. ಬೇರೆ ಹುಡುಗಿಯರು ಸುತ್ತ ಸೇರಿ ಕೈಯೊಡ್ಡುತ್ತಿದ್ದರು, ಅಜ್ಜಿ ಬೈಯುತ್ತಲೇ ಹಾಕುತ್ತಿದ್ದರು. "ನಿಮ್ಮನೇಲಿ ರಾತ್ರಿ ಗಡದ್ದಾಗಿ ತಿಂತೀರಲ್ಲ, ಇಲ್ಲೂ ಬೇಕಾ ನಿಮ್ಗೆ?" ಅಕ್ಕ ಕೈ ತೊಳೆದ ಮೇಲೆ ಅಜ್ಜಿ ಅದೇ ಕ್ಯಾರಿಯರಿನ ಮುಚ್ಚಳದಲ್ಲಿ ನಾಲ್ಕು ತುತ್ತು ಉಣ್ಣುತ್ತಿದ್ದರು. ಪಕ್ಕದ ಚರ್ಚಿನ ಗೋಡೆಯ ಮೇಲಿನ ಕೊನೆಯ ಬಿಸಿಲು ಆರುವುದಕ್ಕೂ ಅವರು ಬಾಯಿ ಮುಕ್ಕಳಿಸುವುದಕ್ಕೂ ಸರಿಯಾಗುತ್ತಿತ್ತು.

ದಸರೆ ರಜೆಯಲ್ಲಿ ಹಳೆಯ ಮದರಿಗೆ ಟ್ರಾನ್ಸ್‌ಫರ್ ಆಯಿತು. ಹೊಸ ಮದರ್ ಬಂದರು. ಅವರು ಕೆಟ್ಟವರೇನಲ್ಲ, ಇದನ್ನು ನಾನು ಹೇಳಲೇಬೇಕು. ಕೋಣಂದೂರಿನ ಬಸ್ಸಿಗೆ ಹೊತ್ತಾಯಿತೆಂದು ಅಪ್ಪಂದಿರು ಬಂದು ಕ್ಲಾಸಿನ ಕಿಟಕಿಯಲ್ಲಿ ನಿಂತು ಮಕ್ಕಳನ್ನು ಕೂಗುವುದು ಹೆಚ್ಚಾಗಿತ್ತು. ಅವರಿಗೆ ಡಿಸಿಪ್ಲಿನ್ ಬೇಕಿತ್ತು. ಹೊಸ ಸರ್ಕ್ಯುಲರ್ ಬಂತು. ಅಜ್ಜಿ ಕುಂಕುಮ ಹಚ್ಚಿ ಅಕ್ಕನ ಕೈಗೆ ಕೊಟ್ಟರು. ಅಂಗಡಿಯ ಕಡೆ ಬೆನ್ನು ಮಾಡಿ ಹೊಸ್ತಿಲಿನ ಮೇಲೆ ನಿಂತ ಅಕ್ಕ ಮೊದಲೆರಡು ಸಾಲು ಓದಿದಳು. ಆಮೇಲೆ ಅವಳ ಕಣ್ಣು ಕೆಳಗಿನ ಸಾಲಿಗೆ ಹೋಗಿದ್ದು, ಅಲ್ಲೇ ನಿಂತದ್ದು ನಮಗೆಲ್ಲ ಕಂಡಿತು. ಒಂದು ಕ್ಷಣ ಅಷ್ಟೆ. ಅವಳು ಓದಿದಳು, ಇಂಗ್ಲಿಷಿನಲ್ಲಿ, ಆಮೇಲೆ ಕನ್ನಡದಲ್ಲಿ. "ತಂದೆ ತಾಯಿಗಳಾಗ್ಲಿ ಮನೆಯವರಾಗ್ಲಿ, ಕ್ಲಾಸ್ ನಡೆಯೋ ಹೊತ್ತಲ್ಲಿ ಸ್ಕೂಲಿನ ಆವರಣದೊಳಗೆ ಬರಬಾರದು. ಹೊರಗಿನಿಂದ ತಿಂಡಿ ಊಟ ತರಬಾರದು."

ಅಜ್ಜಿ ಆ ಹಾಳೆಯನ್ನು ಇಸಿದುಕೊಂಡು ಮೂಲೆಯ ಕುಂಕುಮ ನೋಡಿದರು. ಆಮೇಲೆ, "ಬರ್ಬೇಡಿ ಅಂತ ಹೇಳಕ್ಕೂ ಕರೆಯೋಲೆ ಕಳಿಸ್ತಾರಾ?" ಎಂದರು.

ಅಪ್ಪ ಅಂಗಡಿಯಿಂದ ಎದ್ದು ಬಂದರು. "ಅಮ್ಮ, ಅದು ನಿಂಗೆ ಹೇಳಿದ್ದಲ್ಲ. ಎಲ್ಲರ ಮನೆಗೂ ಕಳಿಸಿದಾರೆ. ಶಾರದಕ್ಕನ ಮನೆಗೂ ಬಂದಿದೆ."

"ಮದುವೆ ಕಾಗದಾನೂ ಎಲ್ರಿಗೂ ಕಳಿಸ್ತಾರಪ್ಪ. ನಮಗಲ್ಲ ಅಂತ ಸುಮ್ನೆ ಕೂತ್ಕೊಳ್ತೀವಾ?"

ಶಾರದಕ್ಕ ಅವತ್ತು ತಮಾಷೆ ಮಾಡದೆ ಎದ್ದು ಮನೆಗೆ ಹೋದರು. ಅಕ್ಕ ಅಜ್ಜಿಯ ಮಂಡಿಯ ಹತ್ತಿರ ಕೂತು, "ಅಜ್ಜಿ, ನಾನು ಉಪವಾಸ ಇರ್ತೀನಿ. ಪರೀಕ್ಷೆವರೆಗೆ ಅಷ್ಟೆ," ಎಂದಳು. "ಊಟದ ಮಾತಲ್ಲ ಮಗಾ," ಎಂದರು ಅಜ್ಜಿ, ಅವಳ ತಲೆ ಸವರುತ್ತ. "ನಮ್ಮನ್ನ ಬರ್ಬೇಡಿ ಅಂದ ಜಾಗಕ್ಕೆ ನಮ್ಮ ಮಗೂನ ಹೇಗೆ ಕಳಿಸ್ಲಿ?" ಅಪ್ಪ ಎರಡು ದಿನ ಅನ್ನ ಬಿಟ್ಟರು, ಅಮ್ಮ ಅಡುಗೆಮನೆಯಲ್ಲಿ ಅತ್ತರು, ಅಜ್ಜಿ ಜಗ್ಗಲಿಲ್ಲ. ವಿಮಲ ಕ್ಲಾಸಿಗೆ ಬರುತ್ತಿಲ್ಲವೆಂದು ಕಾನ್ವೆಂಟಿನಿಂದ ಒಂದು ಅಚ್ಚಿನ ಚೀಟಿ ಬಂತು. ಅಜ್ಜಿ ಅದಕ್ಕೆ ಕುಂಕುಮ ಹಚ್ಚಲಿಲ್ಲ. ಬರಬೇಡಿ ಎಂದವರಲ್ಲಿಗೆ ಹೋಗುವುದು ಹೇಗೆಂದು ನಮ್ಮ ಕಡೆಯಿಂದ ಯಾರೂ ಹೋಗಲಿಲ್ಲ. ಯಾಕೆ ಬಿಡಿಸಿದಿರಿ ಎಂದು ಕೇಳಲು ಅವರ ಕಡೆಯಿಂದಲೂ ಯಾರೂ ದಿಬ್ಬ ಇಳಿದು ಬರಲಿಲ್ಲ. ಹಳೆಯ ಮದರ್ ಇದ್ದಿದ್ದರೆ, ಎಂದು ಎಷ್ಟು ಸಲ ಅಂದುಕೊಂಡಿದ್ದೇನೋ. ಪರೀಕ್ಷೆಯ ದಿನಗಳಲ್ಲಿ ಅಕ್ಕ ಅಂಗಡಿಯ ಹಿಂದಿನ ಕೋಣೆಯಲ್ಲಿ ಕೂತು ಬಟ್ಟೆಯ ಥಾನುಗಳನ್ನು ಬಣ್ಣದ ಪ್ರಕಾರ ಜೋಡಿಸಿದಳು. ಸ್ವಲ್ಪ ಕಾಲದಲ್ಲೇ ಹೊಸನಗರಕ್ಕೆ ಮದುವೆಯಾಗಿ ಹೋದಳು.

ಚಿಕ್ಕವಳನ್ನಾದರೂ ಬಿಡಿಸಬೇಡವೆಂದು ಅಪ್ಪ ಹಠ ಹಿಡಿದಿದ್ದರಿಂದ ನಾನು ಅದೇ ಸ್ಕೂಲಿಗೆ ಹೋಗುತ್ತಿದ್ದೆ. ನನ್ನ ಎಸ್ಸೆಸ್ಸೆಲ್ಸಿಯ ವರ್ಷವೂ ಬಂತು. ಅದೇ ಸ್ಪೆಷಲ್ ಕ್ಲಾಸು, ಅದೇ ರೂಲು. ಸರ್ಕ್ಯುಲರನ್ನು ನಾನು ಓದಿ ಮುಗಿಸುವ ಮೊದಲೇ ಅಜ್ಜಿ ಕೈಯೆತ್ತಿ ತಡೆದರು. "ಸಾಕು. ನೀನು ಹೋಗು," ಎಂದರು. "ವಿಮಲನ್ನ ಮನೇಲಿ ಕೂರಿಸಿ ನಾನು ಯಾವ ಮರ್ಯಾದೆ ಉಳಿಸ್ಕೊಂಡೆ ಅಂತ ನಂಗೇ ಗೊತ್ತಾಗ್ಲಿಲ್ಲ." ಆ ಮಾತನ್ನು ಅಕ್ಕ ಕೇಳಲಿಲ್ಲ, ಅವಳು ಹೊಸನಗರದಲ್ಲಿದ್ದಳು. ನಾನು ಸಂಜೆ ಹಸಿದು ಮನೆಗೆ ಬಂದು ನೀರೂ ಕುಡಿಯದೆ ಮಲಗುತ್ತಿದ್ದೆ. ಅಮ್ಮ ಒಂದು ದಿನ ಪಿಸುಗುಟ್ಟಿದ ಮೇಲೆಯೇ ನನಗೆ ತಿಳಿದದ್ದು, ನಾನು ಉಣ್ಣದ ಸಂಜೆ ಅಜ್ಜಿಯೂ ಉಣ್ಣುತ್ತಿರಲಿಲ್ಲವೆಂದು. ಆ ಹಿತ್ತಾಳೆಯ ಕ್ಯಾರಿಯರನ್ನು ಅವರು ಅಟ್ಟದಿಂದ ಮತ್ತೆ ಕೆಳಗಿಳಿಸಲೇ ಇಲ್ಲ.

ನಾನು ಪಾಸಾದೆ, ಶಿವಮೊಗ್ಗದಲ್ಲಿ ಕಾಲೇಜು ಓದಿದೆ, ಟೀಚರೂ ಆದೆ. ಅಕ್ಕ ಆಗಬೇಕಾಗಿದ್ದೆಲ್ಲ ನಾನಾದೆ. ಅವಳು ಒಂದು ದಿನವೂ ಅದನ್ನು ಎತ್ತಿ ಆಡಲಿಲ್ಲ. ಆದರೆ ಫೋನು ಬಂದ ಮೇಲೆ ಅವಳಿಗೊಂದು ಅಭ್ಯಾಸವಾಯಿತು. ಮೈತ್ರಿಯ ಸ್ಕೂಲಿನಿಂದ ಏನಾದರೂ ಬಂದಿತೆಂದು ತಿಳಿದರೆ ಸಾಕು, "ಓದೇ, ಎಂತ ಬರ್ದಿದಾರೆ ಕೇಳಣ," ಎನ್ನುತ್ತಿದ್ದಳು. ನಾನು ಹೊಸ ಫೀಸಿನಿಂದ ಹಿಡಿದು ಬೂಟಿನ ಬಣ್ಣದವರೆಗೆ ಓದುತ್ತಿದ್ದೆ. "ಹಿಯರ್‌ಬೈ ಇಲ್ಲವಾ?" ಎಂದು ಕೇಳುತ್ತಿದ್ದಳು. "ಈಗ ಯಾರೂ ಹಾಕಲ್ಲ ಅಕ್ಕ, ಡಿಯರ್ ಪೇರೆಂಟ್ಸ್ ಅಂತಾರೆ, ಕೆಳಗೊಂದು ಹೂವಿನ ಚಿತ್ರ." "ಥೂ, ಅದೆಂಥ ಇಂಗ್ಲಿಷು!" ಎಂದು ನಗುತ್ತಿದ್ದಳು. ಹೀಗೆ ನಗುತ್ತಿದ್ದಾಗಲೇ ಒಮ್ಮೆ ಧೈರ್ಯ ಮಾಡಿ ಕೇಳಿದೆ. "ಅಕ್ಕ, ಅವತ್ತು ಆ ಒಂದು ಸಾಲು ನೀನು ಬಿಟ್ಟು ಓದಬಹುದಿತ್ತಲ್ಲ? ಅಜ್ಜಿಗೇನು ಗೊತ್ತಾಗ್ತಿತ್ತು?" "ಮನೆಯವರೆಲ್ಲ ನಾನು ಓದಿದ್ದೇ ನಿಜ ಅಂತ ಕೂತ್ಕೊಂಡು ಕೇಳ್ತಿದ್ರು ಕಣೆ," ಎಂದಳು. "ಬಿಟ್ಟು ಓದೋದಾದ್ರೆ ನಾನು ಓದೋಕೆ ಕಲ್ತಿದ್ದಾದ್ರೂ ಯಾಕೆ?"

ಹೋದ ವರ್ಷ ಮಳೆಗಾಲ ಹಿಡಿಯುವ ಮೊದಲು ಅಕ್ಕ ತೀರಿಹೋದಳು. ಯಾವ ಮರ್ಯಾದೆ ಉಳಿಸಿಕೊಂಡೆ ಎಂಬ ಅಜ್ಜಿಯ ಆ ಮಾತನ್ನು ಅವಳಿಗೆ ಹೇಳಬೇಕು, ಹೇಳಬೇಕು ಎಂದುಕೊಂಡೇ ಇದ್ದೆ. ಫೋನಿನಲ್ಲಿ ಹೇಳುವಂಥದಲ್ಲ, ಎದುರಿಗೆ ಕೂತು ಹೇಳೋಣ ಎಂದು ಮುಂದೂಡುತ್ತ ಬಂದೆ.

ಮೊನ್ನೆ ಕನ್ನಡಕ ಸಿಕ್ಕ ಮೇಲೂ ನಾನು ಹಾಳೆಯನ್ನು ಓದಲಿಲ್ಲ. "ನೀನೇ ಓದು. ಅಲ್ಲಿ, ಬಾಗಿಲ ಹತ್ತಿರ ನಿಂತ್ಕೊಂಡು," ಎಂದೆ ಮೈತ್ರಿಗೆ. ಅವಳು ಕಣ್ಣು ತಿರುಗಿಸಿದಳಾದರೂ ನಿಂತಳು. ಫೀಸು, ಬಸ್ಸು, ಮೊಬೈಲ್ ಪಾಲಿಸಿ, ಎಲ್ಲ ಗಡಗಡ ಓದುತ್ತ ಹೋದವಳು ಕೊನೆಯಲ್ಲಿ ಸಣ್ಣಗೆ ಕಿರುಚಿದಳು. "ಅಮ್ಮಮ್ಮ, ಇದು ನಿಂಗೆ! ಗ್ರ್ಯಾಂಡ್‌ಪೇರೆಂಟ್ಸ್ ಡೇ ಅಂತೆ. ಅಜ್ಜ ಅಜ್ಜಿಯರಿಗೆಲ್ಲ ಆದರದ ಸ್ವಾಗತ, ಕಾರ್ಡಿಯಲಿ ಇನ್ವೈಟೆಡ್!"

ನಾನು ಎದ್ದು ದೇವರ ಮುಂದಿನ ಬಟ್ಟಲು ತಂದೆ. "ಅಯ್ಯೋ, ಸೈನ್ ಮಾಡೋ ಜಾಗಕ್ಕೆ ತಾಗಿಸ್ಬೇಡ, ಮಿಸ್ ಬೈತಾರೆ," ಎಂದಳು ಮೈತ್ರಿ. ತಾಗಿಸಲಿಲ್ಲ. ನಾಲ್ಕು ಮೂಲೆಗೂ ಹಚ್ಚಿದೆ. ಆಮೇಲೆ ಇನ್ನೊಂದು ಸಲ ಓದಲು ಹೇಳಿದೆ, ಮೊದಲಿನಿಂದ, ಬೆನ್ನು ನೆಟ್ಟಗೆ ಮಾಡಿ, ಒಂದು ಸಾಲೂ ಬಿಡದೆ. ಅವಳು ಓದತೊಡಗಿದಳು. ಮೂಡುಗಡೆಯ ಗೋಡೆಯ ಮೇಲೆ ಇನ್ನೂ ಸ್ವಲ್ಪ ಬಿಸಿಲಿತ್ತು. ನನ್ನ ಕೈ ತನ್ನಷ್ಟಕ್ಕೆ ಫೋನಿನ ಕಡೆ ಹೋಗಿ, ಹೊಸನಗರದ ನಂಬರಿನ ಮೇಲೆ ನಿಂತಿತ್ತು.