ಅಮಾವಾಸ್ಯೆಯ ದಿನ ಅಳೆದ ಅಲೆ

ಕೊಟ್ಟೂರಿನ ಗೀತಾಂಜಲಿ ಹಿಡಿದದ್ದನ್ನು ಬಿಡುವವಳಲ್ಲ. ಮದುವೆಯಾದ ಮೇಲೂ ಹರಪನಹಳ್ಳಿಯ ಕಾಲೇಜಿನಲ್ಲಿ ಪಾಠ ಹೇಳುತ್ತ, ಬಸ್ಸಿನಲ್ಲಿ ತೂಕಡಿಸುತ್ತ, ವಿದ್ಯುತ್ತಿನ ಅಲೆಗಳ ಮೇಲೆ ಪ್ರಬಂಧ ಬರೆಯಲು ಕೂತವಳು. ಗಂಡ ಪ್ರವೀಣಕುಮಾರ್ ಊರಾಚೆಯ ವಿದ್ಯುತ್ ಸ್ಟೇಷನ್ನಿನಲ್ಲಿ ಆಪರೇಟರ್. "ನಾನು ಕರೆಂಟ್ ಕೊಡ್ತೀನಿ, ನನ್ನ ಹೆಂಡ್ತಿ ಅದರ ಜಾತಕ ಬರೀತಾಳ" ಎಂದು ಎಲ್ಲರೆದುರೂ ಕಾಡಿಸುತ್ತಿದ್ದ.

ಎರಡು ಸಾವಿರದ ಮೂರರ ಸುಮಾರಿಗೆ ಸ್ಟೇಷನ್ನಿನ ಹತ್ತಿರ ಗುಜರಿ ಕಬ್ಬಿಣ ಕರಗಿಸುವ ಕರೆಂಟಿನ ಭಟ್ಟಿ ಬಂತು. ಅಂದಿನಿಂದ ಟ್ರಾನ್ಸ್‌ಫಾರ್ಮರಿನ ಸದ್ದೇ ಬದಲಾಯಿತು. ಬುತ್ತಿ ಕೊಡಲು ಹೋದಾಗಲೆಲ್ಲ ಗೀತಾಂಜಲಿಗೆ ಯಾರೋ ಹಲ್ಲು ಕಡಿದಂತೆ ಕೇಳುತ್ತಿತ್ತು. ಭಟ್ಟಿ ಕರೆಂಟನ್ನು ನಯವಾಗಿ ಎಳೆಯುವುದಿಲ್ಲ, ಕಿತ್ತು ತಿನ್ನುತ್ತದೆ. ಆಗ ಅಲೆ ಕೆಟ್ಟು, ಅದರ ಮೈಮೇಲೆ ಸಣ್ಣ ಮರಿ ಅಲೆಗಳು ಏಳುತ್ತವೆ. ಅದೇ ಹೊತ್ತಿಗೆ ವೋಲ್ಟೇಜ್ ಬೀಳುತ್ತದೆಂದು ಮೇಲಿನವರು ಅಲ್ಲಿ ಅದನ್ನು ಎತ್ತಿ ಹಿಡಿಯುವ ಕೆಪ್ಯಾಸಿಟರ್ ಡಬ್ಬಿಗಳನ್ನು ಕೂಡಿಸಲು ಹೊರಟರು. ಮರಿ ಅಲೆಗಳು ಹೆಚ್ಚಿದ್ದರೆ ಆ ಡಬ್ಬಿಗಳು ಅವನ್ನು ನುಂಗಿ, ಕಾದು, ಉಬ್ಬಿ ಸಿಡಿಯಬಹುದು. ಅವುಗಳ ಪಕ್ಕ ಓಡಾಡುವವನು ಅವಳ ಗಂಡ.

"ಮೊದ್ಲು ಅಳೀಬೇಕ್ರಿ" ಎಂದು ಸ್ಟೇಷನ್ನಿನ ಸಾಹೇಬರ ಬೆನ್ನು ಬಿದ್ದಳು.

"ಅಮಾಸಿ ದಿನ ಬರ್ರಿ. ಪೂಜಿ ಇರ್ತೈತಿ, ಲೋಡೂ ಕಮ್ಮಿ, ನಿಮ್ಮ ಯಂತ್ರ ಕಟ್ಟಾಕ ಅನುಕೂಲ" ಎಂದರು ಅವರು.

ಒಳ್ಳೆಯ ದಿನವೆಂದು ಅವಳೂ ಹಿಗ್ಗಿದಳು. ಕಾಯಿ ಒಡೆದು, ನಿಂಬೆಹಣ್ಣು ಕೊಯ್ದು, ಕುಂಕುಮದ ಕೈಯಲ್ಲೇ ಅಳೆಯುವ ಯಂತ್ರ ಕೂಡಿಸಿದಳು. ಮರಿ ಅಲೆಗಳ ದಿನದ ಒಟ್ಟು ಲೆಕ್ಕ ಮಿತಿಯೊಳಗೇ ಬಂತು. "ಹಾಕ್ರಿ, ಅಂಜಿಕಿ ಇಲ್ಲ" ಎಂದು ಅವಳೇ ಬಾಯಿಬಿಟ್ಟು ಹೇಳಿದಳು.

ಒಟ್ಟು ಲೆಕ್ಕ ಅಕ್ಕಿಯಲ್ಲಿ ಕಲ್ಲು ಎಷ್ಟೆಂದು ಹೇಳುತ್ತದೆ, ಯಾವ ತುತ್ತಿನಲ್ಲಿದೆ ಎಂದು ಹೇಳುವುದಿಲ್ಲ. ಅದನ್ನು ತೋರಿಸುವುದು ವೇವ್‌ಲೆಟ್ ಎಂಬ ಲೆಕ್ಕ. ಕೆಲವು ದಿನ ಕಳೆದು, ಪ್ರಬಂಧಕ್ಕೆಂದು ಅವಳು ಅದೇ ಅಳತೆಯನ್ನು ಕಾಲೇಜಿನ ಕಂಪ್ಯೂಟರಿನಲ್ಲಿ ವೇವ್‌ಲೆಟ್ಟಿಗೆ ಹಾಕಿದಳು. ದಿನವೆಲ್ಲ ತಿಳಿಯಾಗಿತ್ತು. ಮಧ್ಯಾಹ್ನದ ಹೊತ್ತಿಗೆ ಮಾತ್ರ ಮರಿ ಅಲೆಗಳು ಕಿಕ್ಕಿರಿದ ಒಂದು ಗಿಡ್ಡ ಕಪ್ಪು ಪಟ್ಟೆ. ಆ ಹೊತ್ತಿನಲ್ಲಿ ಏನಾಯಿತೆಂದು ಕೇಳಲು ಅವಳು ಸಿಕ್ಕ ಬಸ್ಸು ಹತ್ತಿದಳು.

ಕೊಟ್ಟೂರಿನಲ್ಲಿ ಬಸ್ಸಿಳಿದಾಗ ಭಟ್ಟಿಯಲ್ಲಿ ಕೆಲಸ ಮಾಡುವ ಗಾದೆಪ್ಪ ಎದುರಾದ.

"ಗಾದೆಪ್ಪಣ್ಣ, ಅಮಾಸಿ ಮಧ್ಯಾಹ್ನ ಭಟ್ಟ್ಯಾಗ ಏನ್ ಮಾಡಿದ್ರಿ?"

"ಅಮಾಸಿಗೆ ಭಟ್ಟಿ ಬಂದ್ ಅಲ್ಲೇನ್ರಿ ಅಕ್ಕಾರ? ಪೂಜಿ ಮಾಡಿ, ಶಾಸ್ತ್ರಕ್ಕ ಒಂದೀಟು ಚಾಲೂ ಮಾಡಿ ಬಿಟ್ವಿ. ಉಳದ ದಿನ ಬಿಡುವಿಲ್ಲದ ಉರೀತೈತಿ."

ಗಿರಣಿ, ಲಾರಿ, ಟ್ರ್ಯಾಕ್ಟರು ಎಲ್ಲವೂ ಅಮಾವಾಸ್ಯೆಗೆ ನಿಂತು ಪೂಜೆ ಮಾಡಿಸಿಕೊಳ್ಳುವ ಸೀಮೆ ಇದು. ಇಲ್ಲೇ ಹುಟ್ಟಿ ಬೆಳೆದವಳಿಗೆ ಇಷ್ಟು ಹೊಳೆಯಲಿಲ್ಲವಲ್ಲ! ಮಲಗಿದ್ದ ಭಟ್ಟಿಯನ್ನು ಅಳೆದು ಭಯವಿಲ್ಲ ಎಂದಿದ್ದಳು. ಅಲ್ಲೇ ಇದ್ದ ಕೆಂಚಕ್ಕನ ಫೋನ್ ಬೂತಿಗೆ ನುಗ್ಗಿ ಸ್ಟೇಷನ್ನಿಗೆ ಫೋನ್ ಹಚ್ಚಿದಳು.

"ರೀ, ಆ ಡಬ್ಬಿ ಚಾಲೂ ಮಾಡಬ್ಯಾಡ್ರಿ!"

"ಮುಂಜಾನೀನೇ ಮಾಡೇವಲ್ಲ ಗೀತಾ. ಯಾಕೋ ಒಂದು ಡಬ್ಬಿ ಹೊಟ್ಟಿ ಉಬ್ಬಿದಂಗ ಕಾಣ್ತೈತಿ. ತಡಿ, ಹತ್ರ ಹೋಗಿ ನೋಡಿ ಬರ್ತೀನಿ."

"ಹೋಗಬ್ಯಾಡ್ರಿ! ಒಳಗಿಂದ್ಲೇ ಬಂದ್ ಮಾಡ್ರಿ!"

ಅವನು ರಿಸೀವರನ್ನು ಮೇಜಿನ ಮೇಲೆ ಇಟ್ಟಾಗಿತ್ತು. ಚಪ್ಪಲಿಯ ಸದ್ದು ದೂರವಾಯಿತು. ಅದರ ಹಿಂದೆ ಹಲ್ಲು ಕಡಿಯುವ ಆ ಸದ್ದು, ಎಂದೂ ಇಲ್ಲದಷ್ಟು ಜೋರಾಗಿ. ಗೀತಾಂಜಲಿ ಕೂಗಿದಳು. ಎಂದೂ ಗಂಡನ ಹೆಸರು ಹಿಡಿಯದವಳು "ಪ್ರವೀಣಾ" ಎಂದು ಹೆಸರು ಹಿಡಿದೇ ಕೂಗಿದಳು.

ಫೋನಿನೊಳಗೆ ಢಮ್ ಎಂದಿತು. ಮರುಕ್ಷಣ ಬೂತಿನ ಫ್ಯಾನು ನಿಧಾನವಾಗುತ್ತ ಬಂದು ನಿಂತಿತು.

"ಕರೆಂಟ್ ಹೋತು ನೋಡವ್ವ" ಎಂದು ಕೆಂಚಕ್ಕ ಬೀಸಣಿಗೆ ಎತ್ತಿಕೊಂಡಳು. "ಹೆಂಗೂ ಫೋನ್ನ್ಯಾಗ ಅದೀ, ನಿನ್ನ ಗಂಡಗ ಹೇಳು, ಲಗೂನ ಕೊಡು ಅಂತ."