ಎದುರುಮನೆ ಹಸುವಿನ ಫೋಟೋ

ನಮ್ಮೂರ ಡೈರಿಯ ಹಳೆಯ ಕಂಪ್ಯೂಟರು ಬೆಳಿಗ್ಗೆ ಏಳುವುದಕ್ಕೆ ನಮ್ಮನೆ ಗಂಡಸರಿಗಿಂತ ಹೆಚ್ಚು ಹೊತ್ತು ತೆಗೆದುಕೊಳ್ಳುತ್ತಿತ್ತು. ಬೀಗ ತೆಗೆದು ಅದರ ಗುಂಡಿ ಒತ್ತಿ, ಬಾಗಿಲಿಗೆ ನೀರು ಹಾಕಿ, ಫ್ಯಾಟ್ ನೋಡುವ ಯಂತ್ರ ತೊಳೆದಿಟ್ಟು ಬಂದರೂ ಅದು ಇನ್ನೂ ಕಣ್ಣುಜ್ಜಿಕೊಳ್ಳುತ್ತಿರುತ್ತಿತ್ತು. ಅಷ್ಟರಲ್ಲಿ ಕ್ಯಾನು, ತಂಬಿಗೆ ಹಿಡಿದ ಹೆಂಗಸರ ಸಾಲು ಮೆಟ್ಟಿಲು ದಾಟಿ ಬೀದಿಗೆ ಬಂದಿರುತ್ತಿತ್ತು.

ಕೆ.ಆರ್. ನಗರದಿಂದ ಚುಂಚನಕಟ್ಟೆಗೆ ಹೋಗುವ ರಸ್ತೆಯಲ್ಲಿ ನಾಲೆ ದಾಟಿ ಒಳಗೆ ತಿರುಗಿದರೆ ನಮ್ಮೂರು. ಇಲ್ಲಿರುವುದು ಹೆಂಗಸರೇ ನಡೆಸುವ ಹಾಲಿನ ಸಂಘ. ಕಾಗದದಲ್ಲಿ ನಾನು ಅದರ ಕಾರ್ಯದರ್ಶಿ, ಊರಿನವರ ಬಾಯಲ್ಲಿ ಸೆಕೆಟ್ರಕ್ಕ. ಹಾಲು ಅಳೆಯುವುದು, ಬರೆಯುವುದು, ಸಭೆಯ ನೋಟಿಸು ಟೈಪ್ ಮಾಡುವುದು, ಯಾರ ಹಸು ಗಬ್ಬ, ಯಾರದು ಬತ್ತಿತು ಎನ್ನುವುದು, ಎಲ್ಲವೂ ನನ್ನ ಮೇಲೆ.

ಕೊನೆಗೆ ಹೊಸ ಕಂಪ್ಯೂಟರು ತರುವುದೆಂದು ಸಂಘದಲ್ಲಿ ತೀರ್ಮಾನವಾಯಿತು. ಹುಣಸೂರಿನಿಂದ ಬಂದ ಕಂಪ್ಯೂಟರಿನವರು ಅದನ್ನು ಮೇಜಿನ ಮೇಲಿಟ್ಟು, "ಮೇಡಂ, ಆಫೀಸ್ ಕೆಲಸಕ್ಕೆ ಎರಡು ಥರ ಸಾಫ್ಟ್‌ವೇರ್ ಅವೆ. ಒಂದಕ್ಕೆ ವರ್ಷ ವರ್ಷ ದುಡ್ಡು ಕಟ್ಟಬೇಕು. ಇನ್ನೊಂದು ಪುಕ್ಕಟೆ. ನಿಮ್ ಕೆಲಸಕ್ಕೆ ಎರಡೂ ಆಯ್ತದೆ," ಎಂದರು.

ಸಂಘದ ಅಧ್ಯಕ್ಷೆ ಅಕ್ಕನಿಗೆ ಪುಕ್ಕಟೆ ಎಂಬ ಮಾತು ಹಿಡಿಸಲಿಲ್ಲ. "ಪುಕ್ಕಟೆ ಯಾಕ್ ಕೊಡ್ತಾನೆ ಅವ್ನು? ಏನಾರಾ ಇರ್ತದೆ ಕಣ್ರೀ ಅದ್ರೊಳಗೆ."

"ನಿಮ್ಮ ಮದ್ವೇಲಿ ನಿಮ್ಮಪ್ಪ ಹಸ ಪುಕ್ಕಟೆ ಕೊಟ್ರಲ್ಲಕ್ಕ, ಅದ್ರೊಳಗೇನಿತ್ತು?" ಎಂದೆ ನಾನು.

"ಅದ್ರ ಜೊತೆ ನಾನು ಬಂದ್ನಲ್ಲವ್ವ! ಪುಕ್ಕಟೆಯೋ ಅಲ್ವೋ ಅಂತ ನಮ್ ಯಜಮಾನ್ರನ್ನ ಕೇಳು."

ನಗು ಮುಗಿದ ಮೇಲೆ ನಾನು ನನ್ನ ಹಳೆಯ ನೋಟಿಸುಗಳನ್ನು ಎರಡರಲ್ಲೂ ತೆರೆದು ನೋಡಿದೆ. ಹಿಂದೆ ಬೇರೆ ಬಗೆಯ ಕನ್ನಡ ಅಕ್ಷರದಲ್ಲಿ ಟೈಪ್ ಮಾಡಿದ್ದ ಅವು, ಎರಡರಲ್ಲೂ ಇಂಗ್ಲಿಷ್ ಅಕ್ಷರ, ಕೊಕ್ಕೆ, ಚುಕ್ಕೆಗಳಾಗಿ ತೆರೆದುಕೊಂಡವು. ವಾರ್ಷಿಕ ಸಭೆಗೆ ಬನ್ನಿ ಎಂದು ಕರೆದದ್ದು ಯಾರನ್ನೋ ಬೈದ ಹಾಗೆ ಕಾಣುತ್ತಿತ್ತು. ಅವನ್ನು ಹೊಸದಾಗಿ ಟೈಪ್ ಮಾಡುವುದಂತೂ ತಪ್ಪದು. ಆಮೇಲೆ ಪುಕ್ಕಟೆಯದರಲ್ಲಿ ಒಂದು ನೋಟಿಸು ಅರ್ಧ ಟೈಪ್ ಮಾಡಿ ಕರೆಂಟಿನ ಸ್ವಿಚ್ಚನ್ನೇ ಆರಿಸಿದೆ. ಕಂಪ್ಯೂಟರಿನವರು, "ಅಯ್ಯೋ ಮೇಡಂ!" ಎಂದು ಎದ್ದು ನಿಂತರು. ನಮ್ಮೂರಿನ ಕರೆಂಟು ಹೇಳಿ ಕೇಳಿ ಹೋಗುವುದಿಲ್ಲವಲ್ಲ. ಮತ್ತೆ ಹಾಕಿದಾಗ ಅದು ನಾನು ಬರೆದದ್ದನ್ನು ಹಾಗೇ ತಂದು ಮುಂದಿಟ್ಟಿತು. ಅದನ್ನೇ ಒಪ್ಪಿಕೊಂಡೆವು.

"ಫೋಟೋ ಏನ್ಮಾಡೋದು ಮೇಡಂ?" ಎಂದು ಅವರು ಹಳೆಯ ಕಂಪ್ಯೂಟರು ತೋರಿಸಿದರು. "ಬರೀ ಹಸೂನೇ ತುಂಬ್ಕಂಡವೆ. ಅಳಿಸ್ಬುಡ್ಲಾ?"

ಹಸುಗಳಿಗೆ ವಿಮೆ ಮಾಡಿಸುವಾಗ ಕಿವಿಗೆ ಹಳದಿ ಓಲೆ ಹಾಕುತ್ತಾರೆ, ಅದರ ಮೇಲೊಂದು ನಂಬರು ಇರುತ್ತದೆ. ಓಲೆಯ ಸಮೇತ ಹಸುವಿನ ಫೋಟೋ ತೆಗೆಯಬೇಕು, ಪಕ್ಕದಲ್ಲಿ ಒಡತಿ ನಿಂತಿರಬೇಕು. ಫೋಟೋ ತೆಗೆಯುವವಳು ನಾನೇ. ನಂಬರು ಓದಲು ಬಂದರೆ ಸಾಕು, ಮಿಕ್ಕದ್ದು ಹೇಗಿದ್ದರೂ ನಡೆಯುತ್ತಿತ್ತು. ಅವಧಿ ಮುಗಿದ ವಿಮೆ, ಮಾರಿಹೋದ ಹಸು, ಯಾವುದೂ ಈಗ ಬೇಕಾಗಿರಲಿಲ್ಲ. ಆದರೂ, "ಈ ವಾರ ಇರಲಿ," ಎಂದೆ. ಫೋಟೋ ಜೋಡಿಸುವ ಸಾಫ್ಟ್‌ವೇರೊಂದನ್ನು ಅವರು ಹಾಕಿಕೊಟ್ಟಿದ್ದರು. ಅದನ್ನು ಮೊದಲು ಮನೆಯ ಫೋಟೋಗಳ ಮೇಲೆ ಪ್ರಯೋಗಿಸಿ ನೋಡೋಣವೆಂದು ನನ್ನ ಮನಸ್ಸಿನಲ್ಲಿತ್ತು.

ನನ್ನ ಫೋನಿನಲ್ಲಿ ಫೋಟೋ ಎಂಬುದು ಅಟ್ಟದ ಸಾಮಾನಿನ ಹಾಗೆ ಬಿದ್ದಿತ್ತು. ಹ್ಯಾಂಡ್‌ಪೋಸ್ಟ್ ಎಂಬ ಊರಿನ ಹತ್ತಿರದ ನನ್ನ ತವರುಮನೆಯ ಗೃಹಪ್ರವೇಶ, ಯಾರೋ ಕಳಿಸಿದ ಶುಭೋದಯದ ಗುಲಾಬಿ, ಔಷಧಿ ಚೀಟಿ, ಹಾಲಿನ ಲಾರಿಯ ನಂಬರು, ಎಲ್ಲವೂ ಒಂದರ ಮೇಲೊಂದು. ಆ ಸಾಫ್ಟ್‌ವೇರು ಮುಖ ನೋಡಿ ಒಬ್ಬೊಬ್ಬರನ್ನೂ ಬೇರೆ ಬೇರೆ ಗುಂಪು ಮಾಡಿತು. ನಮ್ಮ ಯಜಮಾನರದು ಒಂದು ಗುಂಪು, ಮಗಳದು ಒಂದು. ಗೋಡೆಯ ಕ್ಯಾಲೆಂಡರಿನ ಶಿವನ ಮುಖವನ್ನು ಎತ್ತಿ ತೋರಿಸಿ ಇವರು ಯಾರು ಎಂದು ಕೇಳಿತು. ನನ್ನ ಗುಂಪು ಬಹಳ ಸಣ್ಣದು. ಫೋನು ಹಿಡಿದುಕೊಂಡವಳು ಫೋಟೋದೊಳಗೆ ಹೇಗೆ ಬಂದಾಳು.

ಅದೇ ವಾರ ನಮ್ಮ ಬೀದಿಯ ಕೊನೆಮನೆಯ ದೊಡ್ಡಮ್ಮ ತೀರಿಕೊಂಡರು. ಸಂಬಂಧದಲ್ಲಿ ಏನೂ ಅಲ್ಲ, ಆದರೆ ಬೀದಿಗೆಲ್ಲ ದೊಡ್ಡಮ್ಮ. ಹಾಲು ಹಾಕುವ ಸಾಲಿನಲ್ಲಿ ದಿನವೂ ಅವರೇ ಮೊದಲು. ಹಾಕಿದ ಮೇಲೂ ಮನೆಗೆ ಹೋಗುತ್ತಿರಲಿಲ್ಲ, ಮೆಟ್ಟಿಲ ಬಳಿ ನಿಂತು ಬಂದವರನ್ನೆಲ್ಲ ಅವರವರ ಹಸುವಿನ ಯೋಗಕ್ಷೇಮ ಕೇಳುತ್ತಿದ್ದರು. ಮನುಷ್ಯರದನ್ನು ಆಮೇಲೆ.

ಮಣ್ಣಾದ ಮೂರ್ನಾಲ್ಕು ದಿನಕ್ಕೆ ಅವರ ಮಗಳು ಡೈರಿಗೆ ಬಂದಳು. ಪಿರಿಯಾಪಟ್ಟಣದ ಕಡೆ ಹೊಗೆಸೊಪ್ಪು ಬೆಳೆಯುವ ಮನೆಗೆ ಕೊಟ್ಟ ಹೆಣ್ಣುಮಗಳು. ಅತ್ತು ಅತ್ತು ಧ್ವನಿ ಕಟ್ಟಿತ್ತು.

"ಅಕ್ಕ, ತಿಥಿಗೆ ಇಡಾಕೆ ಅವ್ವಂದೊಂದು ಫೋಟೋ ಇಲ್ಲ. ನಮ್ಮಣ್ಣ ಆಧಾರ್ ಫೋಟೋನೇ ದೊಡ್ಡದು ಮಾಡುಸ್ತೀನಿ ಅಂತವ್ನೆ. ಅದ್ರಲ್ಲಿ ನಮ್ಮವ್ವ ಪೊಲೀಸ್ನೋರ ಮುಂದೆ ನಿಂತಂಗವ್ಳೆ. ನನ್ ಮಗ್ಳು ಇನ್ನೂ ಸಣ್ಣದು. ನಾಳೆ ಅದ್ನೇ ನೋಡಿ ನಮ್ಮಜ್ಜಿ ಇಂಗಿದ್ಲು ಅನ್ಕೋಬೇಕಾ?"

"ನಿನ್ನ ಮದುವೆ ಆಲ್ಬಮ್ಮು?"

"ನಮ್ಮಪ್ಪ ಇರ್ನಿಲ್ವಲ್ಲಕ್ಕ. ಧಾರೆ ಎರೆದಿದ್ದು ಚಿಕ್ಕಪ್ಪ ಚಿಕ್ಕಮ್ಮ. ಅವ್ವ ಕಂಬದ ಹಿಂದೆ ನಿಂತ್ಕಂಡ್ಳು, ಎಷ್ಟ್ ಕರುದ್ರೂ ಮುಂದಕ್ಕೆ ಬರ್ನಿಲ್ಲ. ಸೆರಗು ಮಾತ್ರ ಬಿದ್ದದೆ."

ನನಗೆ ಹಸುಗಳ ಫೋಟೋ ನೆನಪಾಯಿತು. ಅವಳನ್ನು ಕೂರಿಸಿಕೊಂಡು ಎಲ್ಲವನ್ನೂ ಹೊಸ ಕಂಪ್ಯೂಟರಿಗೆ ಹಾಕಿ, ಮುಖ ಹುಡುಕು ಎಂದೆ. ಅದು ಹುಡುಕಿಯೇ ಹುಡುಕಿತು. ಓಲೆ ಹಾಕಲು ಬರುವ ದನದ ಡಾಕ್ಟರ ಮುಖ ಸಿಕ್ಕಿತು, ಬಿಸಿಲಿಗೆ ಕಣ್ಣು ಕಿರಿದು ಮಾಡಿಕೊಂಡ ಒಂದಿಬ್ಬರು ಸಿಕ್ಕರು. ದೊಡ್ಡಮ್ಮ ಸಿಗಲಿಲ್ಲ. ಫೋಟೋಗಳಿಗೆ ಹೆಸರು ಎಂದು ನಾನು ಕೊಟ್ಟಿದ್ದದ್ದು ಓಲೆಯ ನಂಬರು ಮಾತ್ರ. ಅವರ ಹಸುವಿನ ನಂಬರು ಒತ್ತಿದೆ. ತೆರೆದುಕೊಂಡ ಫೋಟೋದ ತುಂಬ ಒಂದು ದೊಡ್ಡ ಕಿವಿ, ಸ್ಪಷ್ಟವಾದ ಓಲೆ. ಅಂಚಿನಲ್ಲಿ ಹಗ್ಗ ಹಿಡಿದ ಒಂದು ಕೈ, ಮೊಣಕೈವರೆಗೆ.

ಮಗಳು ಪರದೆಯ ಮೇಲೆ ಬೆರಳಿಟ್ಟಳು. "ಅವ್ವನ್ ಕೈಯೇ ಕಣಕ್ಕ," ಎಂದಳು.

ಅಷ್ಟು ಹೊತ್ತಿಗೆ ಸಂಜೆಯ ಹಾಲಿನ ಸಾಲು ಕಟ್ಟಿತು. ಮುಂದಿದ್ದವಳು ದೊಡ್ಡಮ್ಮನ ಎದುರುಮನೆಯಾಕೆ. ಬಾಯಿ ಜೋರು, ಮನಸ್ಸು ಹಾಲಿನ ಕೆನೆ. ಕಿಟಕಿಯಿಂದ ಕತ್ತು ಚಾಚಿ, "ಏನ್ ಸಿನ್ಮಾ ತೋರುಸ್ತಿದೀಯ ಸೆಕೆಟ್ರಕ್ಕ?" ಎಂದಳು.

ವಿಷಯ ಹೇಳಿದೆ. ಸಾಲು ಮುರಿದು ಎಲ್ಲರೂ ಒಳಗೆ ಬಂದರು. ನಾನು ಒಂದೊಂದೇ ಫೋಟೋ ಸರಿಸುತ್ತ ಹೋದೆ. ಸಾಫ್ಟ್‌ವೇರಿಗೆ ಬಾರದ ವಿದ್ಯೆ ನಮ್ಮ ಹೆಂಗಸರಿಗೆ ಹುಟ್ಟಿದಾಗಿನಿಂದ ಬಂದದ್ದು. ಮೂತಿ ಕಂಡರೆ ಸಾಕು, "ಇದು ಮೂಲೆಮನೇದು", "ಇದು ಹೊಸ ಅಗ್ರಹಾರದ ಸಂತೇಲಿ ತಂದ್ರಲ್ಲ ಅದು", "ಅಯ್ಯೋ, ಸತ್ತೋಯ್ತಲ್ಲೇ ಇದು ಪಾಪ".

"ಇದು ನಾನೇ ಕಣೇ!" ಎಂದು ಅಧ್ಯಕ್ಷೆ ಅಕ್ಕ ಕೂಗಿದರು. "ಎಲ್ಲೇ ಸೆಕೆಟ್ರಿ ನನ್ ತಲೆ?"

ಹೌದು, ಫೋಟೋದಲ್ಲಿ ಅವರ ಕುತ್ತಿಗೆಯಿಂದ ಕೆಳಕ್ಕೆ ಮಾತ್ರ ಇತ್ತು.

"ಇದ್ದಿದ್ರೆ ತಗೀದೆ ಬುಡ್ತಿದ್ಲಾ ಅಕ್ಕ," ಎಂದಳು ಎದುರುಮನೆಯಾಕೆ.

ಡೈರಿಯ ಒಳಗೆ ಹಾಲು ಕುಲುಕುವಷ್ಟು ನಗು. ಮಗಳೂ ನಕ್ಕಳು. ಆಗಲೇ ಎದುರುಮನೆಯಾಕೆ ತಲೆಯ ಮೇಲೆ ಕೈಯಿಟ್ಟುಕೊಂಡು, "ತಡೀರಿ ತಡೀರಿ. ಅವ್ರ ಹಸೀನ್ ಫೋಟೋಲಿ ಯಾಕ್ ಉಡುಕ್ತೀರ? ನಮ್ ಹಸೀದು ನೋಡ್ರಿ. ಓಲೆ ಆಕಿದ್ ಡಾಕ್ಟ್ರುನ್ನ ಗೊಬ್ಬರದ್ ಗುಂಡಿಗೆ ಕೆಡುವ್ತಲ್ಲ, ಅವತ್ತು ಓಡ್ಬಂದು ಹಗ್ಗ ಇಡ್ಕಂಡಿದ್ದು ಅವ್ರೇ ತಾನೆ?" ಎಂದಳು.

"ನಮ್ದುನ್ನೂ ಅವ್ರೇ ಇಡ್ಕಂಡಿದ್ದು."

"ನಮ್ ಕರೀದುನ್ನೂವೆ."

ಯಾರಿಗೂ ಬಗ್ಗದ ಹಸು ದೊಡ್ಡಮ್ಮನ ಕೈಗೆ ಬಗ್ಗುತ್ತಿತ್ತು. ಓಲೆ ಹಾಕುವ ದಿನ ಅವರನ್ನು ಮನೆಮನೆಗೆ ಕರೆದುಕೊಂಡು ಹೋಗುತ್ತಿದ್ದೆವು. ಅವರನ್ನು ಅವರ ಹಸುವಿನ ಬಳಿ ಹುಡುಕಿ ಏನು ಫಲ? ಮತ್ತೆ ಮೊದಲಿನಿಂದ ನೋಡಿದೆವು. ಈಗ ಎಲ್ಲೆಲ್ಲೂ ಅವರೇ. ಒಂದರಲ್ಲಿ ಬೆನ್ನು, ಒಂದರಲ್ಲಿ ಕೊಂಬಿನ ಹಿಂದೆ ಅರ್ಧ ಹಣೆ, ಒಂದರಲ್ಲಿ ಪಾದ. ಎದುರುಮನೆ ಹಸುವಿನದು ಎರಡು ಫೋಟೋ ಇತ್ತು. ಮೊದಲನೆಯದರಲ್ಲಿ ಹಸು ತಲೆ ಒದರಿ ಓಲೆಯ ನಂಬರು ಮಸುಕಾಗಿತ್ತು, ಹಾಗಾಗಿ ನಾನು ಇನ್ನೊಂದು ತೆಗೆದಿದ್ದೆ. ಆ ಕೆಲಸಕ್ಕೆ ಬಾರದ ಮೊದಲನೆಯದರಲ್ಲಿ ದೊಡ್ಡಮ್ಮ ಪೂರ್ತಿ ಇದ್ದರು. ಸೆರಗು ಜಾರಿದೆ, ಒಂದು ಕೈ ಹಸುವಿನ ಹಣೆಯ ಮೇಲೆ, ಕೆನ್ನೆ ಅದರ ಕೆನ್ನೆಗೆ ತಾಗಿದೆ, ಗುಂಡಿಯಿಂದ ಏಳುತ್ತಿರುವ ಡಾಕ್ಟರ ಕಡೆ ನೋಡಿ ಬಾಯಿತುಂಬ ನಗುತ್ತಿದ್ದಾರೆ. ಮುಖ ಹಸುವಿಗೆ ಅಂಟಿಕೊಂಡಿದ್ದಕ್ಕೇ ಸಾಫ್ಟ್‌ವೇರಿನ ಕಣ್ಣಿಗೆ ಬಿದ್ದಿರಲಿಲ್ಲವೇನೋ.

"ಇದೇ," ಎಂದಳು ಮಗಳು. "ಇದೇ ನಮ್ಮವ್ವ."

ಫೋಟೋ ಸಿಕ್ಕಿತು, ಮುಗಿಯಿತು ಅಂದುಕೊಂಡೆ. ಮುಗಿದಿರಲಿಲ್ಲ. ಕೆ.ಆರ್. ನಗರದ ಸ್ಟುಡಿಯೋದವರು ಹಸುವನ್ನು ತೆಗೆದರೆ ಕೆನ್ನೆ, ಕೈ ಎಲ್ಲ ಹೋಗುತ್ತದೆ ಎಂದರಂತೆ. ಹಸು ಇದ್ದ ಹಾಗೇ ಕಟ್ಟು ಹಾಕಿಸೋಣ ಎಂದು ಮಗಳು ಹೇಳಿದ್ದೇ ಎದುರುಮನೆಯಾಕೆಯ ಮುಖ ಸಣ್ಣಗಾಯಿತು. ತಿಥಿಯ ದಿನ ಫೋಟೋಗೆ ಹಾರ ಹಾಕುತ್ತಾರೆ. ಬದುಕಿರುವವರ ಫೋಟೋಗೆ ನಮ್ಮಲ್ಲಿ ಯಾರೂ ಹಾರ ಹಾಕುವುದಿಲ್ಲ.

"ಬೇಜಾರ್ ಮಾಡ್ಕಬ್ಯಾಡ ಕಣವ್ವ," ಎಂದು ಡೈರಿಯ ಮುಂದೆಯೇ ಹೇಳಿದಳು. "ನಮ್ ಹಸ ಬದುಕದೆ. ಅದ್ರಲ್ಲೂ ಗಬ್ಬ. ನಿಮ್ಮವ್ವಂಗೆ ಹಾಕಿದ ಹಾರ ಅದ್ಕೂ ಹಾಕ್ದಂಗೇ ಆಗ್ಲಿಲ್ವಾ? ಎಂಗೆ ತಡ್ಕಳ್ಳಿ ನಾನು?"

ಮಗಳು ಎದುರಾಡಲಿಲ್ಲ. "ನಿಮ್ ಹಸೀಗೆ ಕೆಡುಕಾಗಾದು ನಮ್ಮವ್ವಂಗೂ ಇಷ್ಟ ಆಗಾಕಿಲ್ಲ. ಬುಡಿ, ಆಧಾರ್ದೇ ಇಡ್ಲಿ," ಎಂದು ಕಣ್ಣೊರೆಸಿಕೊಂಡಳು.

ನಾನು ಇಬ್ಬರನ್ನೂ ಒಳಗೆ ಕರೆದೆ. ಸಾಫ್ಟ್‌ವೇರಿನಲ್ಲಿ ಫೋಟೋದ ಅಂಚು ಕತ್ತರಿಸುವ ಚೌಕವೊಂದಿದೆ. ಅದನ್ನು ಒಳಗೊಳಗೆ ಎಳೆಯುತ್ತ ಬಂದೆ. ಹಸುವಿನ ಕಿವಿ ಹೋಯಿತು, ಓಲೆ ಹೋಯಿತು, ಒಂದು ಕಣ್ಣು ಹೋಯಿತು. ಇನ್ನೊಂದು ಬೆರಳಗಲ ಎಳೆದರೆ ಹಣೆಯ ಮೇಲಿನ ಕೈಯೂ ಹೋಗುತ್ತಿತ್ತು.

"ಏಯ್, ತಡಿ ತಡಿ," ಎಂದು ಎದುರುಮನೆಯಾಕೆ ನನ್ನ ಕೈ ಹಿಡಿದಳು. "ಆ ಕೈ ಕತ್ತರುಸ್ಬ್ಯಾಡ ಕಣಕ್ಕ. ಆ ಕೈ ಇಲ್ದಿದ್ರೆ ಅವತ್ತು ನಮ್ ಹಸ ಡಾಕ್ಟ್ರುನ್ನ ತುಳುದ್ಹಾಕ್ತಿತ್ತು." ಮತ್ತೆ ಪರದೆ ನೋಡಿದಳು. ತನ್ನ ಹಸುವನ್ನು ಒಂಟಿಕಣ್ಣು ಮಾಡಿಟ್ಟದ್ದೂ ಅವಳಿಂದ ಸಹಿಸಲಾಗಲಿಲ್ಲವೆಂದು ಕಾಣುತ್ತದೆ. "ಪೂರ್ತಿನೇ ಇಡಿ. ಹಾರ ಮಾತ್ರ ಬ್ಯಾಡ. ಹೂವ ಎಲ್ಲಾ ಕೆಳಕ್ಕೆ ಇಡಾಣ. ನಾನ್ ನೋಡ್ಕತೀನಿ."

ಮರುದಿನ ಕಂಪ್ಯೂಟರಿನವರು ಹಳೆಯದನ್ನು ಒಯ್ಯಲು ಬಂದು ಮತ್ತೆ ಅದೇ ಕೇಳಿದರು. ಒಂದನ್ನೂ ಅಳಿಸಬೇಡಿ ಎಂದೆ. ಈಗ ಬಿಡುವಾದಾಗಲೆಲ್ಲ ಒಂದೊಂದು ಫೋಟೋದ ಕೆಳಗೂ ಕನ್ನಡದಲ್ಲಿ ಬರೆಯುತ್ತಿದ್ದೇನೆ: ಹಸು ಯಾರದು, ಪಕ್ಕದಲ್ಲಿ ಯಾರು, ಹಗ್ಗ ಹಿಡಿದವರು ಯಾರು.

ತಿಥಿಯ ದಿನ ನಡುಮನೆಯಲ್ಲಿ ಎಡೆ ಇಟ್ಟಿದ್ದರು. ಅದರ ಹಿಂದೆ ಆ ಫೋಟೋ. ಪಕ್ಕದಲ್ಲಿ ಕಾವಲಿಗೆ ಎಂಬಂತೆ ಎದುರುಮನೆಯಾಕೆ. ನೆಂಟರು ಬಂದವರು ಬಂದ ಹಾಗೆ ಹಾರ ಬಿಡಿಸಿ ಕೈ ಎತ್ತುವುದು, ಇವಳು ನಡುವೆ ಬಂದು, "ಹಾರ ಕೆಳಕ್ಕೆ, ಹಾರ ಕೆಳಕ್ಕೆ. ಹಸ ಬದುಕದೆ," ಎನ್ನುವುದು. ಯಾಕೆ, ಏನು ಎಂದು ಅವರು ಕೇಳುವುದು, ಇವಳು ಗೊಬ್ಬರದ ಗುಂಡಿಯ ಕತೆ ಹೇಳುವುದು. ಎಷ್ಟು ಸಲ ಹೇಳಿದಳೋ, ಡಾಕ್ಟರು ಪ್ರತಿ ಸಲವೂ ಇನ್ನೂ ಸ್ವಲ್ಪ ಆಳಕ್ಕೆ ಬೀಳುತ್ತಿದ್ದರು. ಆಧಾರ್ ಫೋಟೋ ಸಾಕೆಂದಿದ್ದ ಮಗನೂ ಬಡಿಸುವ ಕೈ ನಿಲ್ಲಿಸಿ ಕೇಳಿದ.

ಊಟದ ಪಂಕ್ತಿ ಏಳುವ ಹೊತ್ತಿಗೆ ಪಿರಿಯಾಪಟ್ಟಣದ ಮೊಮ್ಮಗಳು ಫೋಟೋದ ಮುಂದೆ ಬಂದು ನಿಂತಳು.

"ಅಜ್ಜಿ ಯಾಕ್ ಅಷ್ಟೊಂದು ನಗ್ತಾವ್ಳೆ?"

ಅವಳ ತಾಯಿ ಎದುರುಮನೆಯಾಕೆಯ ಕಡೆ ನೋಡಿದಳು. ಎದುರುಮನೆಯಾಕೆ ಮಗುವನ್ನು ಎಳೆದು ತೊಡೆಯ ಮೇಲೆ ಕೂರಿಸಿಕೊಂಡು, ಕೆಳಗೆ ರಾಶಿಬಿದ್ದ ಹಾರಗಳಿಂದ ಒಂದು ಸೇವಂತಿಗೆ ಕಿತ್ತು ಅದರ ಕೈಗೆ ಕೊಟ್ಟು, "ಅದಾ? ಹೇಳ್ತೀನಿ ಕೇಳು ಕಣವ್ವ. ನಮ್ದೊಂದು ಹಸ ಅದೆ, ಭಾರೀ ತುಂಟಿ," ಎಂದು ಮತ್ತೆ ಮೊದಲಿನಿಂದ ಶುರುಮಾಡಿದಳು.